ಸೂಜಿರಂಧ್ರದಲ್ಲಿ ಕಂಡ ಸೂರ್ಯ

1980ನೆಯ ಇಸವಿ ಫೆಬ್ರವರಿ 16, ಶನಿವಾರ. ಅಂದು ಇಳಿಹೊತ್ತಿನಲ್ಲಿ ಕರ್ನಾಟಕದ ಆಕಾಶದಲ್ಲಿ ಸೂರ್ಯನಿಗೆ ಪೂರ್ಣಗ್ರಹಣ ಹಿಡಿಯಿತು. ಕಾರವಾರ, ಅಂಕೋಲೆಗಳ ಕಡೆ ನೆಲವನ್ನು ಮುಟ್ಟಿದ ಚಂದ್ರನ ನೆರಳು ಹುಬ್ಬಳ್ಳಿಯ ಸೀಮೆಯನ್ನು ಹಾದು, ರಾಯಚೂರು ಜಿಲ್ಲೆಯನ್ನು ದಾಟಿ ಆಂಧ್ರದತ್ತ ಧಾವಿಸಿತು. ಇಂದಿನ ಭಾರತದ ಮುಖ್ಯಭೂಮಿಯಲ್ಲಿ ಪೂರ್ಣ ಸೂರ್ಯಗ್ರಹಣ ಕಂಡುದು 1898ರ ತರುವಾಯ ಅದೇ ಮೊದಲು. ಎಂಬತ್ತೆರಡು ವರ್ಷಗಳ ಮೇಲೆ ಬಂದ ಅತಿಥಿ. ಆ ಅತಿಥಿಗೆ ನಾವು ಮಾಡಿದ ಸ್ವಾಗತವೆಂದರೆ ಬಾಗಿಲು ಹಾಕಿಕೊಂಡದ್ದು.

ನಾನಾಗ ಬೆಂಗಳೂರಿನ ಹೊರವಲಯದಲ್ಲಿ, ತುಮಕೂರು ರಸ್ತೆಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟರು. ಕೆಲಸಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಬೆಳಗಿನ ಶಾಲೆ ಮುಗಿದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ‘ನೆಟ್ಟಗೆ ಮನೆಗೆ ಹೋಗಿ, ಮಧ್ಯಾಹ್ನ ಯಾರೂ ಹೊರಗೆ ಬರಕೂಡದು, ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ’ ಎಂದು ಗದರಿಸಿ ಕಳುಹಿಸಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ನಾನು ಹೇಳಲೂ ಇಲ್ಲ. ಆ ಮಧ್ಯಾಹ್ನ ಯಾವುದೋ ಲೆಕ್ಕಪತ್ರಕ್ಕಾಗಿ ಶಾಲೆಯಲ್ಲಿಯೇ ಉಳಿದಿದ್ದ ನಾನು ಒಮ್ಮೆ ಅಂಗಳಕ್ಕೆ ಬಂದೆ. ಬೆಂಗಳೂರಿನಲ್ಲಿ ಗ್ರಹಣ ಪೂರ್ಣವಾಗಿರಲಿಲ್ಲ. ಸೂರ್ಯ ಬಹುಪಾಲು ಮರೆಯಾಗಿ ಒಂದು ಕುಡುಗೋಲಿನಂತೆ ಉಳಿದಿದ್ದ. ಅಂಗಳದ ಮಾವಿನಮರದ ಕೆಳಗೆ ನೆಲವನ್ನು ನೋಡಿ ನಿಂತುಬಿಟ್ಟೆ. ದಿನವೂ ದುಂಡುದುಂಡಾಗಿ ಬೀಳುತ್ತಿದ್ದ ಬಿಸಿಲಿನ ಚುಕ್ಕಿಗಳು ಅಂದು ಒಂದೊಂದೂ ಕುಡುಗೋಲಾಗಿದ್ದವು. ಎಲೆಗಳ ನಡುವಣ ಸಂದುಗಳೆಲ್ಲ ಕೂಡಿ ನೂರಾರು ಸೂರ್ಯರನ್ನು ಮಣ್ಣಿನ ಮೇಲೆ ಬಿಡಿಸಿದ್ದವು. ಯಾವ ಅಪಾಯವೂ ಇಲ್ಲದೆ, ಯಾವ ಉಪಕರಣವೂ ಇಲ್ಲದೆ, ಬಗ್ಗಿ ನೋಡಿದರೆ ಸಾಕು ಎನ್ನುವಂತೆ ಗ್ರಹಣ ನೆಲದ ಮೇಲೆಯೇ ಬಿದ್ದಿತ್ತು. ನೋಡಲು ಒಂದು ಮಗುವೂ ಇರಲಿಲ್ಲ. ನಾನೇ ಅವರನ್ನು ಕಳುಹಿಸಿದ್ದೆ.

ಶಾಲೆಗಳಲ್ಲಿ ವಿಜ್ಞಾನವನ್ನು ಕಲಿಸುವ ಮಾತು ಬಂದಾಗಲೆಲ್ಲ ಎರಡು ಪಕ್ಷಗಳು ಎದುರುಬದುರಾಗುತ್ತವೆ. ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಎನ್ನುವುದು ಒಂದು ಪಕ್ಷ. ಮಕ್ಕಳ ಕಣ್ಣಿಗೆ, ಕೈಗೆ ಏನಾದರೂ ಆದರೆ ಹೊಣೆ ಯಾರದು ಎನ್ನುವುದು ಇನ್ನೊಂದು. ಈ ಎರಡೂ ಒಂದಕ್ಕೊಂದು ವೈರಿಗಳೆಂದು ನಾನೂ ಬಹುಕಾಲ ನಂಬಿದ್ದೆ. ಆ ಮಾವಿನಮರದ ನೆರಳು ಹೇಳಿಕೊಟ್ಟ ಪಾಠವೇ ಬೇರೆ. ಸುರಕ್ಷಿತವಾದ ದಾರಿಯನ್ನು ಹುಡುಕಿಕೊಳ್ಳುವುದೇ ಅನೇಕ ವೇಳೆ ವಿಜ್ಞಾನದ ಅತ್ಯಂತ ಸೃಜನಶೀಲವಾದ ಪಾಠವಾಗಿರುತ್ತದೆ. ಈ ಮಾತನ್ನು ನಮ್ಮ ನಾಡಿನಲ್ಲಿ ಹಾದುಹೋದ ಕೆಲವು ಗ್ರಹಣಗಳ ಇತಿಹಾಸದ ಮೂಲಕ ಇಲ್ಲಿ ಪರಿಶೀಲಿಸಬಹುದು.

ಕನ್ನಡನಾಡಿಗೂ ಸೂರ್ಯಗ್ರಹಣದ ಅಧ್ಯಯನಕ್ಕೂ ಇರುವ ನಂಟು ಹಳೆಯದು. 1868ರ ಆಗಸ್ಟ್ 18ರ ಪೂರ್ಣಗ್ರಹಣವನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತ ತನ್ನ ಸಲಕರಣೆಗಳೊಂದಿಗೆ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಈತ. ಸೂರ್ಯನ ಅಂಚಿನಿಂದ ಚಾಚುವ ಜ್ವಾಲೆಗಳ ಬೆಳಕನ್ನು ಅಶ್ರಗದ ಮೂಲಕ ಬಿಡಿಸಿ ನೋಡಿದವರಲ್ಲಿ ಈತನೂ ಒಬ್ಬ. ಅದೇ ಗ್ರಹಣವನ್ನು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ನೋಡಿದ. ಆ ವರ್ಷದ ವೀಕ್ಷಣೆಗಳ ಬೆನ್ನಿಗೇ ಸೂರ್ಯನಲ್ಲಿ ಹೀಲಿಯಂ ಎಂಬ ಹೊಸ ಧಾತುವಿನ ಸುಳಿವು ದೊರೆಯಿತು. ಮೂರು ವರ್ಷಗಳ ಬಳಿಕ, 1871ರ ಡಿಸೆಂಬರ್ 12ರಂದು, ಆ ಹೀಲಿಯಂ ಕಥೆಯ ಮತ್ತೊಬ್ಬ ನಾಯಕ ನಾರ್ಮನ್ ಲಾಕಿಯರ್ ತಾನೇ ಹಡಗೇರಿ ಬಂದು, ಅಂದು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಸರಗೋಡಿನ ಸೀಮೆಯ ಬೇಕಲ ಕೋಟೆಯ ಮೇಲೆ ದೂರದರ್ಶಕಗಳನ್ನು ಹೂಡಿದ. ಗ್ರಹಣಕಾಲದಲ್ಲಿ ಜನರು ಹಚ್ಚುವ ಬೆಂಕಿಯ ಹೊಗೆ ವೀಕ್ಷಣೆಗೆ ಅಡ್ಡ ಬಂದೀತೆಂದು ಅದನ್ನು ಆರಿಸಲು ಪೊಲೀಸರ ಪಡೆಯೇ ಸಿದ್ಧವಾಗಿ ನಿಂತಿತ್ತು.

ಈ ಚಿತ್ರವನ್ನು ಒಂದು ಕ್ಷಣ ಮನಸ್ಸಿಗೆ ತಂದುಕೊಳ್ಳಬೇಕು. ಕೋಟೆಯ ಮೇಲೆ ವಿಜ್ಞಾನ, ಕೆಳಗೆ ಭಯ, ನಡುವೆ ಪೊಲೀಸರು. ಕೆಳಗಿದ್ದವರನ್ನು ಮೇಲೆ ಕರೆದು, ‘ಬನ್ನಿ, ಇದು ಹೀಗೆ’ ಎಂದು ತೋರಿಸುವುದು ಆ ಏರ್ಪಾಡಿನ ಭಾಗವಾಗಿರಲಿಲ್ಲ.

ಆ ಕೆಲಸಕ್ಕೆ ಕೈಹಾಕಿದವರು ಬೇರೊಬ್ಬರು. ಮದರಾಸು ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು 1874ರ ಡಿಸೆಂಬರಿನಲ್ಲಿ ಶುಕ್ರಗ್ರಹವು ಸೂರ್ಯಬಿಂಬದ ಮುಂದೆ ಹಾದುಹೋಗಲಿದ್ದ ಅಪರೂಪದ ಸಂಗತಿಯನ್ನು ಜನರಿಗೆ ತಿಳಿಸಲೆಂದು ಒಂದು ಕಿರುಹೊತ್ತಗೆಯನ್ನು ಬರೆದರು. ಅದು ಇಂಗ್ಲಿಷಿನಲ್ಲಷ್ಟೇ ಅಲ್ಲದೆ ದೇಶಭಾಷೆಗಳಲ್ಲಿಯೂ ಬಂದಿತು. ಅವುಗಳಲ್ಲಿ ಕನ್ನಡವೂ ಒಂದು. ಅದನ್ನು ಅವರು ಉಪದೇಶವಾಗಿ ಬರೆಯದೆ ಸಂವಾದವಾಗಿ ಬರೆದರು. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ಹಳೆಯ ಜ್ಯೋತಿಷಶಾಸ್ತ್ರವನ್ನು ಓದಿದವರನ್ನು ಹೀಗಳೆಯದೆ, ಅವರ ಜೊತೆಗೆ ಮಾತನಾಡುತ್ತಲೇ ಹೊಸದನ್ನು ತಿಳಿಸುವ ಆ ಬಗೆ ಇಂದಿನ ಯಾವ ಶಾಲೆಯ ಮೇಷ್ಟರಿಗೂ ಮಾದರಿಯಾಗತಕ್ಕದ್ದು.

ಅಲ್ಲಿಂದ ನೂರು ವರ್ಷ ಮುಂದಕ್ಕೆ ಬಂದರೆ ನಮ್ಮ ತುಮಕೂರು ರಸ್ತೆಗೇ ಬರುತ್ತೇವೆ. ಪೀಣ್ಯದ ಕೈಗಾರಿಕಾ ಬಡಾವಣೆಯಲ್ಲಿ, ಸಾಮಾನ್ಯ ಕಾರ್ಖಾನೆಗಳಿಗಾಗಿ ಕಟ್ಟಿದ್ದ ಷೆಡ್ಡುಗಳಲ್ಲಿ, ಉಡುಪಿಯ ಕಡೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಭಾರತದ ಮೊದಲ ಉಪಗ್ರಹ ಸಿದ್ಧವಾಯಿತು. 360 ಕಿಲೋಗ್ರಾಂ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಆಕಾಶಕ್ಕೇರಿತು. ಸೂರ್ಯನಿಂದ ಬರುವ ನ್ಯೂಟ್ರಾನುಗಳನ್ನೂ ಗಾಮಾ ಕಿರಣಗಳನ್ನೂ ಅಳೆಯುವ ಉಪಕರಣವೂ ಅದರಲ್ಲಿತ್ತು. ಸೂರ್ಯನನ್ನು ಅಳೆಯಹೊರಟ ಯಂತ್ರ ನಮ್ಮ ಶಾಲೆಯಿಂದ ಕೂಗಳತೆಯ ದೂರದಲ್ಲಿ ತಯಾರಾಯಿತೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಅದಾಗಿ ಐದು ವರ್ಷಗಳೂ ತುಂಬಿರಲಿಲ್ಲ. ಅದೇ ಬೀದಿಗಳು ಗ್ರಹಣದ ದಿನ ನಿರ್ಜನವಾಗಿದ್ದವು. ಅಂದು ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ವೇಣು ಬಾಪು ಅವರ ನೇತೃತ್ವದಲ್ಲಿ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿಯೂ ಹುಬ್ಬಳ್ಳಿಯ ಸಮೀಪದಲ್ಲಿಯೂ ಶಿಬಿರ ಹೂಡಿ ಸೂರ್ಯನ ಕಿರೀಟಪ್ರಭೆಯ ಚಿತ್ರಗಳನ್ನು ತೆಗೆಯುತ್ತಿದ್ದರು. ಬೇಕಲ ಕೋಟೆಯ ಚಿತ್ರವೇ ಮತ್ತೆ. ಪೊಲೀಸರ ಜಾಗದಲ್ಲಿ ಈ ಸಲ ನನ್ನಂಥ ಮೇಷ್ಟರಿದ್ದರು, ಅಷ್ಟೆ.

ಭಯಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳಲಾರೆ. ಕಣ್ಣಿನ ಮಸೂರವು ಬಿಸಿಲಿನಲ್ಲಿ ಹಿಡಿದ ಭೂತಗನ್ನಡಿಯಂತೆಯೇ ಬೆಳಕನ್ನು ಒಂದು ಚುಕ್ಕಿಗೆ ಕೂಡಿಸುತ್ತದೆ. ಆ ಚುಕ್ಕಿ ಬೀಳುವುದು ಅಕ್ಷಿಪಟಲದ ಮೇಲೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಆದುದರಿಂದ ಸುಡುತ್ತಿರುವುದು ಆ ಕ್ಷಣದಲ್ಲಿ ತಿಳಿಯುವುದೇ ಇಲ್ಲ. ಕೆಲವು ಗಂಟೆಗಳು ಕಳೆದ ಮೇಲೆ ನೋಟದ ನಟ್ಟನಡುವೆ ಒಂದು ಮಬ್ಬು ಕಾಣಿಸಿಕೊಳ್ಳುತ್ತದೆ. ಇದು ಗ್ರಹಣದ ವಿಷವಲ್ಲ. ಯಾವ ದಿನದ ಸೂರ್ಯನನ್ನು ದಿಟ್ಟಿಸಿದರೂ ಆಗುವುದು ಇದೇ. ಬೇರೆ ದಿನ ಯಾರೂ ದಿಟ್ಟಿಸುವುದಿಲ್ಲ. ಗ್ರಹಣದ ದಿನ ಕುತೂಹಲವಿರುತ್ತದೆ, ಬೆಳಕೂ ತಗ್ಗಿರುತ್ತದೆ. ನಮ್ಮ ಕಾಲದಲ್ಲಿ ಬಳಸುತ್ತಿದ್ದ ಮಸಿ ಹಿಡಿದ ಗಾಜು, ಎಕ್ಸ್‌ರೇ ಹಾಳೆ, ಅರಿಸಿನದ ನೀರು, ಸೆಗಣಿ ನೀರು, ಇವೆಲ್ಲವೂ ಮೋಸದ ಉಪಾಯಗಳೇ. ಅವು ಕಣ್ಣಿಗೆ ಕಾಣುವ ಬೆಳಕನ್ನು ಮಂದಗೊಳಿಸಿ ಹಿತವೆನಿಸುತ್ತವೆ. ಕಾಣದ ಅವಕೆಂಪು ಕಿರಣಗಳನ್ನು ಒಳಕ್ಕೆ ಬಿಟ್ಟುಕೊಂಡು ಹಾನಿಮಾಡುತ್ತವೆ.

ಹಾಗಾದರೆ ನೋಡುವ ಬಗೆ ಯಾವುದು? ಸೂರ್ಯನಿಗೆ ಬೆನ್ನು ತಿರುಗಿಸಿ ನಿಲ್ಲುವುದು. ಒಂದು ರಟ್ಟಿಗೆ ಸೂಜಿಯಿಂದ ರಂಧ್ರ ಮಾಡಿ ಬಿಸಿಲಿಗೆ ಹಿಡಿದು, ಅದರಿಂದ ಬಂದ ಬೆಳಕನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿದರೆ ಅಲ್ಲಿ ಮೂಡುವ ಚುಕ್ಕಿ ರಂಧ್ರದ ಆಕಾರವಲ್ಲ, ಸೂರ್ಯನ ಬಿಂಬ. ಇದು ನಮಗೆ ಹೊಸದೇನಲ್ಲ. ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಹೋದವರೆಲ್ಲ ಒಳಗಿನ ಕತ್ತಲೆಯ ಕೋಣೆಯಲ್ಲಿ, ಗೋಡೆಯ ಕಿಂಡಿಯ ಮೂಲಕ ಬಂದು ತಲೆಕೆಳಗಾಗಿ ನಿಂತ ರಾಜಗೋಪುರದ ನೆರಳನ್ನು ನೋಡಿ ಬೆರಗಾಗಿದ್ದಾರೆ. ಅದು ಈ ತತ್ತ್ವವೇ. ಸುಮಾರು ಸಾವಿರ ವರ್ಷಗಳ ಹಿಂದೆ ಅರಬ್ಬೀ ವಿದ್ವಾಂಸ ಇಬ್ನ್ ಅಲ್ ಹೈತಮ್ ಗ್ರಹಣದ ಕಾಲದಲ್ಲಿ ರಂಧ್ರದ ಮೂಲಕ ಮೂಡುವ ಬಿಂಬದ ಆಕಾರವನ್ನು ಕುರಿತು ಒಂದು ಪ್ರಬಂಧವನ್ನೇ ಬರೆದಿದ್ದಾನೆ.

ಈ ಪಾಠಕ್ಕೆ ಗ್ರಹಣವನ್ನು ಕಾಯಬೇಕಾದ ಅಗತ್ಯವೂ ಇಲ್ಲ. ರಂಧ್ರಕ್ಕೂ ಹಾಳೆಗೂ ಒಂದು ಮೀಟರ್ ಅಂತರವಿದ್ದರೆ ಸೂರ್ಯಬಿಂಬದ ಅಡ್ಡಳತೆ ಸುಮಾರು 9 ಮಿಲಿಮೀಟರ್ ಬರುತ್ತದೆ. ಎರಡು ಮೀಟರಾದರೆ ಅದರ ಇಮ್ಮಡಿ. ಅಂತರವನ್ನು ಅಡ್ಡಳತೆಯಿಂದ ಭಾಗಿಸಿದರೆ ಎಷ್ಟು ಸಲ ಮಾಡಿದರೂ ಉತ್ತರ 108ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಭೂಮಿಯಿಂದ ಸೂರ್ಯನಿಗೆ ಸುಮಾರು 15 ಕೋಟಿ ಕಿಲೋಮೀಟರ್ ಎಂದು ಪಠ್ಯಪುಸ್ತಕವೇ ಹೇಳುತ್ತದೆ. ಅದನ್ನು ಅದೇ ಸಂಖ್ಯೆಯಿಂದ ಭಾಗಿಸಿದರೆ ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್ ಎಂದು ಬರುತ್ತದೆ. ರಟ್ಟು, ಸೂಜಿ, ಅಳತೆಪಟ್ಟಿ, ಇಷ್ಟರಿಂದ ಏಳನೆಯ ತರಗತಿಯ ಮಗು ಸೂರ್ಯನನ್ನು ಅಳೆಯುತ್ತದೆ. ಕಣ್ಣೆತ್ತಿ ಅದನ್ನು ಒಮ್ಮೆಯೂ ನೋಡುವುದಿಲ್ಲ. ಸೃಜನಶೀಲತೆ ಎಲ್ಲಿ ಮುಗಿಯಿತು, ಸುರಕ್ಷತೆ ಎಲ್ಲಿ ಮೊದಲಾಯಿತು ಎಂದು ಇಲ್ಲಿ ಗೆರೆ ಎಳೆಯಲು ಬರುತ್ತದೆಯೆ?

ಇಂಥ ಪಾಠಗಳು ನಮ್ಮ ಊರಿನಲ್ಲಿ ತಾವಾಗಿ ಹುಟ್ಟಲಿಲ್ಲ, ಅವಕ್ಕೆ ದುಡಿದವರಿದ್ದಾರೆ. ಗೌರಿಬಿದನೂರು ತಾಲೂಕಿನ ಹೊಸೂರಿನಿಂದ ಬಂದು, ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನವನ್ನು ಅಭ್ಯಾಸಮಾಡಿ, ಮತ್ತೆ ನ್ಯಾಷನಲ್ ಕಾಲೇಜಿಗೇ ಹಿಂದಿರುಗಿದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಜನಸಾಮಾನ್ಯರು ವಿಜ್ಞಾನದ ಮಾತುಗಳನ್ನು ಬಂದು ಕೇಳುವ ರೂಢಿಯನ್ನು ಬೆಳೆಸಿದರು. ಕಬ್ಬನ್ ಉದ್ಯಾನದ ಬದಿಯಲ್ಲಿ 1965ರಲ್ಲಿ ತೆರೆದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಮಕ್ಕಳಿಗೆ ಗುಂಡಿ ಒತ್ತಿ, ಹಿಡಿ ತಿರುಗಿಸಿ ಕಲಿಯುವ ಅವಕಾಶ ನೀಡಿತು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆ ಹಳ್ಳಿಯ ಶಾಲೆಗಳವರೆಗೆ ನಡೆಯಿತು. 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ತಾರಾಲಯ ಗ್ರಹಣದ ದಿನ ಬಾಗಿಲು ಮುಚ್ಚುವ ಬದಲು ತೆರೆದಿಟ್ಟಿತು. ತಾರಾಲಯದ ಅಂಗಳದಲ್ಲಿ ನೆರೆಯುವ ಜನಸಂದಣಿಯನ್ನು ನೋಡಿದಾಗ 1980ರ ಖಾಲಿ ಬೀದಿಗಳು ನನಗೆ ನೆನಪಾಗುತ್ತವೆ.

2019ರ ಡಿಸೆಂಬರ್ 26ರ ಬೆಳಿಗ್ಗೆ ಕಂಕಣಗ್ರಹಣ ಬಂದಿತು. ಬೇಕಲ ಕೋಟೆಗೆ ಬಹುದೂರವೇನಲ್ಲದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿಯೂ ಮಂಗಳೂರು, ಕೊಡಗುಗಳಲ್ಲಿಯೂ ಬಳೆಯಾಗಿ ಕಂಡ ಸೂರ್ಯ ಬೆಂಗಳೂರಿನಲ್ಲಿ ಮತ್ತೆ ಕುಡುಗೋಲಾದ. ನಾನು ನಿವೃತ್ತನಾಗಿ ಅದಾಗಲೇ ಕೆಲವು ವರ್ಷಗಳಾಗಿದ್ದವು. ಪೀಣ್ಯದ ಅಂಚಿನ ಒಂದು ಸರ್ಕಾರಿ ಶಾಲೆಗೆ ಅಲ್ಲಿಯ ವಿಜ್ಞಾನದ ಅಧ್ಯಾಪಕಿ ನನ್ನನ್ನು ಕರೆದಿದ್ದರು. ಆಕೆ ಒಂದು ಸಣ್ಣ ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಕಡಲೆಕಾಳಿನಷ್ಟು ಜಾಗವನ್ನು ಮಾತ್ರ ಬಿಟ್ಟು, ಅದನ್ನು ಕಾಂಪೌಂಡಿನ ಗೋಡೆಯ ಮೇಲೆ ಇಟ್ಟಿದ್ದರು. ಕನ್ನಡಿಯ ಬೆಳಕು ಯಾರ ಮುಖಕ್ಕೂ ಬೀಳದಂತೆ ಇಬ್ಬರು ದೊಡ್ಡ ಹುಡುಗರು ಕಾವಲು. ಕಿಟಕಿಗಳನ್ನು ಮುಚ್ಚಿದ ತರಗತಿಯ ಗೋಡೆಯ ಮೇಲೆ, ಸುಮಾರು ಹತ್ತು ಮೀಟರ್ ದೂರದಲ್ಲಿ, ಅಂಗೈಯಗಲದ ಸೂರ್ಯ ನಿಧಾನವಾಗಿ ಕರಗುತ್ತಿದ್ದ. ಮಕ್ಕಳು ಐದೈದು ನಿಮಿಷಕ್ಕೊಮ್ಮೆ ಅದರ ಅಂಚನ್ನು ಪೆನ್ಸಿಲಿನಿಂದ ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಗುರುತಿಸುತ್ತಿದ್ದರು. 1980ರಲ್ಲಿ ನಾನೂ ಕಿಟಕಿ ಮುಚ್ಚಿದ್ದೆ. ಈಕೆಯೂ ಕಿಟಕಿ ಮುಚ್ಚಿದ್ದರು. ಎರಡಕ್ಕೂ ಎಷ್ಟು ಅಂತರ!

ಅಷ್ಟರಲ್ಲಿ ಒಬ್ಬ ಹುಡುಗ ಚೀಲದಿಂದ ಒಂದು ಕಪ್ಪು ಗಾಜನ್ನು ತೆಗೆದ. ‘ಮಿಸ್, ನಮ್ಮಪ್ಪ ವೆಲ್ಡಿಂಗ್ ಮಾಡೋ ಗ್ಲಾಸು. ಇದ್ರಲ್ಲಿ ನೋಡಬಹುದಾ?’ ಎಂದ. ಅವನ ಮುಖದಲ್ಲಿ ಹೆಮ್ಮೆಯಿತ್ತು. ತಂದೆಯ ಕಸುಬು ಶಾಲೆಯ ಪಾಠಕ್ಕೆ ಒದಗಿದ ದಿನ ಅದು. ಆಕೆ ಗಾಜನ್ನು ಕಸಿದುಕೊಳ್ಳಲಿಲ್ಲ. ಅದರ ಮೂಲೆಯಲ್ಲಿ ಒತ್ತಿದ್ದ ಸಂಖ್ಯೆಯನ್ನು ಅವನಿಂದಲೇ ಓದಿಸಿದರು. ಹನ್ನೊಂದು ಎಂದಿತ್ತು. ವೆಲ್ಡಿಂಗಿನ ಗಾಜುಗಳಿಗೆ ಸಂಖ್ಯೆ ಹೆಚ್ಚಿದಂತೆ ಕಪ್ಪು ಹೆಚ್ಚೆಂದೂ, ಕೆಲಸದ ಕಿಡಿಗೆ ಹತ್ತು ಹನ್ನೊಂದು ಸಾಕಾದರೂ ಸೂರ್ಯನಿಗೆ ಹದಿನಾಲ್ಕನೆಯ ಸಂಖ್ಯೆಯದೇ ಬೇಕೆಂದೂ, ಅದೂ ಗೀರು ಬಿರುಕು ಇಲ್ಲದ್ದಾಗಿರಬೇಕೆಂದೂ ವಿವರಿಸಿದರು. ಆಮೇಲೆ, ‘ನಿಮ್ಮಪ್ಪ ಗ್ಲಾಸಿಲ್ಲದೆ ಯಾವತ್ತಾದರೂ ವೆಲ್ಡಿಂಗ್ ಮಾಡಿದ್ದಾರೇನಪ್ಪ?’ ಎಂದು ಕೇಳಿದರು. ‘ಒಂದ್ಸಲ ಮಾಡಿದ್ರು ಮಿಸ್, ರಾತ್ರಿಯೆಲ್ಲ ಕಣ್ಣು ಉರಿ ಅಂತ ಒದ್ದಾಡಿದ್ರು’ ಎಂದ. ಇಡೀ ತರಗತಿ ಮೌನವಾಯಿತು. ಕಣ್ಣಿನ ಬೆಲೆಯೇನೆಂಬುದನ್ನು ಆ ಮಕ್ಕಳಿಗೆ ನನ್ನ 1980ರ ಗದರಿಕೆ ಎಂದೂ ಕಲಿಸುತ್ತಿರಲಿಲ್ಲ.

ಅಂದೇ ಇನ್ನೊಂದು ಪ್ರಶ್ನೆ ಬಂದಿತು. ಗ್ರಹಣಕಾಲದಲ್ಲಿ ಮಾತ್ರ ನೀರಿನ ತಟ್ಟೆಯಲ್ಲಿ ಒನಕೆ ನೆಟ್ಟಗೆ ನಿಲ್ಲುತ್ತದೆಯಂತೆ, ಹೌದೆ? ಸಿಂಧನೂರಿನ ಕಡೆಯಿಂದ ಕೂಲಿಗೆ ಬಂದ ಮನೆಯ ಹುಡುಗಿ ಕೇಳಿದ್ದು. ಅವಳ ಅಜ್ಜಿ ಹೇಳಿದ್ದರಂತೆ. ಅಧ್ಯಾಪಕಿ ನಗಲಿಲ್ಲ, ಅಜ್ಜಿಯ ಮಾತು ಸುಳ್ಳೆಂದೂ ಹೇಳಲಿಲ್ಲ. ‘ಗ್ರಹಣದ ದಿನ ನಿಲ್ಲಿಸಿ ನೋಡೋಣ, ಮುಂದಿನ ವಾರ ಗ್ರಹಣವಿಲ್ಲದ ದಿನವೂ ನಿಲ್ಲಿಸಿ ನೋಡೋಣ’ ಎಂದರು. ತಳ ಸಮವಾಗಿರುವ ಒನಕೆ ತಾಳ್ಮೆಯಿಂದ ನಿಲ್ಲಿಸಿದರೆ ಯಾವ ದಿನವಾದರೂ ನಿಲ್ಲುತ್ತದೆ. ಬೇರೆ ದಿನ ಯಾರೂ ನಿಲ್ಲಿಸಿ ನೋಡುವುದಿಲ್ಲ, ಅಷ್ಟೆ. ಒಂದು ಪ್ರಯೋಗಕ್ಕೆ ಅದರ ಎದುರು ಪ್ರಯೋಗವೂ ಬೇಕೆಂಬ ವಿಜ್ಞಾನದ ಮೂಲಸೂತ್ರವನ್ನು ಕಲಿಸಲು ಇದಕ್ಕಿಂತ ಒಳ್ಳೆಯ, ಇದಕ್ಕಿಂತ ನಿರಪಾಯವಾದ ಉಪಕರಣ ಯಾವ ಪ್ರಯೋಗಶಾಲೆಯಲ್ಲಿದೆ? ಮನೆಯ ನಂಬಿಕೆಯನ್ನು ತರಗತಿಯಲ್ಲಿ ಅವಮಾನಿಸಿದರೆ ಮಗು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಅದು ಆರಿಸಿಕೊಳ್ಳುವುದು ಮನೆಯನ್ನೇ. ಇದೂ ಸುರಕ್ಷತೆಯ ಒಂದು ಮುಖವೆಂದು ನಾನು ತಿಳಿಯುತ್ತೇನೆ.

ಆ ದಿನದ ಸುದ್ದಿಗಳಲ್ಲಿ ಇನ್ನೊಂದೂ ಇತ್ತು. ಕಲಬುರಗಿಯ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಗ್ರಹಣದ ಹೊತ್ತಿನಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿಟ್ಟಿದ್ದರು, ಗುಣವಾದೀತೆಂಬ ಆಸೆಯಿಂದ. ಆ ತಾಯಿತಂದೆಯರನ್ನು ಹಳಿಯಲು ನನಗೆ ನಾಲಗೆ ಬರುವುದಿಲ್ಲ. ಅವರಲ್ಲಿ ಅನೇಕರು ನಮ್ಮಂಥವರ ಶಾಲೆಗಳಲ್ಲಿಯೇ ಕುಳಿತು ಎದ್ದವರಾಗಿರಬಹುದು. ನಾವು ‘ನೋಡಬೇಡಿ’ ಎಂದು ಹೇಳಿದೆವು, ಏನೆಂದು ಹೇಳಲಿಲ್ಲ. ಹೇಳದೆ ಬಿಟ್ಟ ಜಾಗವನ್ನು ಭಯವೂ ಆಸೆಯೂ ತುಂಬಿಕೊಂಡವು.

ಗ್ರಹಣವನ್ನು ಕುರಿತು ಹೇಳಿದ ಈ ಮಾತು ಶಾಲೆಯ ಉಳಿದ ಪಾಠಗಳಿಗೂ ಸಲ್ಲುತ್ತದೆ. ಆಮ್ಲಕ್ಕೆ ನೀರು ಸುರಿಯಬೇಡ, ನೀರಿಗೆ ಆಮ್ಲವನ್ನು ತೊಟ್ಟುತೊಟ್ಟಾಗಿ ಸೇರಿಸು ಎನ್ನುವುದು ಬಾಯಿಪಾಠದ ನಿಯಮವಾದರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ಆಮ್ಲ ನೀರಿನೊಡನೆ ಬೆರೆವಾಗ ಶಾಖ ಹುಟ್ಟುತ್ತದೆ, ನೀರು ಕಡಿಮೆಯಿದ್ದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ ಎಂದು ತಿಳಿದರೆ ಅದೇ ನಿಯಮ ರಸಾಯನಶಾಸ್ತ್ರದ ಪಾಠವಾಗುತ್ತದೆ. ಪ್ರನಾಳದ ಬಾಯನ್ನು ಗೆಳೆಯನ ಕಡೆಗೆ ತಿರುಗಿಸಕೂಡದೇಕೆ, ವಾಸನೆಯನ್ನು ಅಂಗೈಯಿಂದ ಬೀಸಿಕೊಂಡು ನೋಡಬೇಕೇಕೆ ಎಂಬ ಪ್ರಶ್ನೆಗಳೂ ಹಾಗೆಯೇ. ಪ್ರತಿಯೊಂದು ಎಚ್ಚರಿಕೆಯ ಹಿಂದೆಯೂ ಒಂದು ಕಾರಣವಿದೆ. ಆ ಕಾರಣವೇ ವಿಜ್ಞಾನ. ಕಾರಣವಿಲ್ಲದ ಎಚ್ಚರಿಕೆಯನ್ನು ಮಕ್ಕಳು ಮೊದಲು ಅಂಜಿ ಪಾಲಿಸುತ್ತಾರೆ, ಆಮೇಲೆ ಕದ್ದು ಮುರಿಯುತ್ತಾರೆ. ಅಪಾಯವಿರುವುದು ಕದ್ದು ಮುರಿಯುವಲ್ಲಿ.

ಬೆಂಗಳೂರಿನ ಹೊರವಲಯ ಈಗ ಬಹಳ ಬದಲಾಗಿದೆ. ಪಶ್ಚಿಮದ ಪೀಣ್ಯದಲ್ಲಿ ಆರ್ಯಭಟ ಹುಟ್ಟಿದಂತೆ, ಪೂರ್ವದಲ್ಲಿ ವೈಟ್‌ಫೀಲ್ಡಿನ ಆಚೆಗಿನ ಹೊಸಕೋಟೆಯ ಆವರಣದಲ್ಲಿ ಅದೇ ಖಭೌತ ವಿಜ್ಞಾನ ಸಂಸ್ಥೆ ಆದಿತ್ಯ ಎಲ್-1 ನೌಕೆಯ ಮುಖ್ಯ ಉಪಕರಣವನ್ನು ನಿರ್ಮಿಸಿತು. 2023ರ ಸೆಪ್ಟೆಂಬರ್ 2ರಂದು ಹೊರಟ ಆ ನೌಕೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ನೆಲೆಗೊಂಡಿದೆ. ಉಪಕರಣದ ಒಳಗೆ ಸೂರ್ಯಬಿಂಬವನ್ನು ಮರೆಮಾಡಿ, ಸದಾಕಾಲವೂ ಒಂದು ಕೃತಕ ಗ್ರಹಣವನ್ನು ಉಂಟುಮಾಡಿ, ಸುತ್ತಣ ಕಿರೀಟಪ್ರಭೆಯನ್ನು ಅದು ನೋಡುತ್ತದೆ. ನೇರವಾಗಿ ದಿಟ್ಟಿಸಬೇಡ, ಉಪಾಯದಿಂದ ನೋಡು ಎಂಬುದು ನಮ್ಮ ಅತ್ಯಂತ ದೊಡ್ಡ ವಿಜ್ಞಾನಿಗಳ ರೀತಿಯೂ ಆಗಿದೆ. ಸೂಜಿರಂಧ್ರ ಹಿಡಿದ ಮಗುವಿಗೂ ಆ ನೌಕೆಗೂ ಇರುವ ವ್ಯತ್ಯಾಸ ಗಾತ್ರದ್ದು, ಜಾತಿಯದಲ್ಲ.

2031ರ ಮೇ 21ರಂದು ಮತ್ತೊಂದು ಕಂಕಣಗ್ರಹಣ ಕೇರಳ, ತಮಿಳುನಾಡುಗಳನ್ನು ಹಾದುಹೋಗಲಿದೆ. ಬೆಂಗಳೂರಿನಲ್ಲಿಯೂ ಸೂರ್ಯನ ಬಹುಭಾಗ ಮರೆಯಾಗುತ್ತದೆ. ಅದು ಬೇಸಿಗೆ ರಜೆಯ ಕಾಲ. ಶಾಲೆ ಇರುವುದಿಲ್ಲ, ಮೇಷ್ಟರಿರುವುದಿಲ್ಲ, ಸಾಲಾಗಿ ನಿಲ್ಲಿಸಿ ಗದರಿಸುವವರಿರುವುದಿಲ್ಲ. ಮಕ್ಕಳು ತಮ್ಮ ತಮ್ಮ ಮನೆಗಳಲ್ಲಿ, ಅಜ್ಜಿಯರ ಜೊತೆ ಇರುತ್ತಾರೆ. ಆ ದಿನ ಎಷ್ಟು ಮನೆಗಳ ಅಂಗಳದಲ್ಲಿ ಒಂದು ಮಗು ಸೂರ್ಯನಿಗೆ ಬೆನ್ನುಮಾಡಿ, ರಟ್ಟನ್ನು ಹಿಡಿದು, ‘ಅಜ್ಜೀ, ಇಲ್ಲಿ ಬಾ, ನೆಲದ ಮೇಲೆ ನೋಡು’ ಎಂದು ಕರೆಯುತ್ತದೆಯೋ, ಅಷ್ಟರಮಟ್ಟಿಗೆ ನಮ್ಮ ಶಾಲೆಗಳು ವಿಜ್ಞಾನವನ್ನು ಕಲಿಸಿವೆ ಎಂದು ತಿಳಿಯಬಹುದು.